ವರ್ಲ್ಡ್ ಬ್ಯಾಂಕಿನ ಬ್ರಾಂಚ್ ಎಲ್ಲಿದೆ?

2022ರ ಮಾರ್ಚ್ ಕೊನೆಗೆ ನಮ್ಮ ಪ್ರಾಜೆಕ್ಟ್ ಮುಗಿಯಿತು. ಆಫೀಸಿನ ಎರಡು ಮೇಜು, ಒಂದು ಪ್ರಿಂಟರ್, ನಾಲ್ಕು ಜಿಪಿಎಸ್ ಮೈಸೂರಿಗೆ ವಾಪಸ್ ಹೋದವು. ನಾನು ಕೊಡಗಿನ ತಿತಿಮತಿ ಹತ್ತಿರದ ಮನೆಗೆ ವಾಪಸ್ ಬಂದೆ. ಹನ್ನೊಂದು ವರ್ಷ ಮಾಡಿದ್ದು ಒಂದೇ ಬಗೆಯ ಕೆಲಸ. ಕಾಫಿ ತೋಟದ ನೆರಳು ಮರ ಎಣಿಸುವುದು, ಆದಿವಾಸಿಗಳ ಊರುಗಳಾದ ಹಾಡಿಗಳಲ್ಲಿ ಮನೆ ಮನೆ ಸರ್ವೆ, ಆಮೇಲೆ ವರದಿ. ಇನ್ನು ಮೇಲೆ ಸ್ವಂತವಾಗಿ ಕನ್ಸಲ್ಟೆನ್ಸಿ ಮಾಡುತ್ತೇನೆ, ವಿಶ್ವಸಂಸ್ಥೆ, ವರ್ಲ್ಡ್ ಬ್ಯಾಂಕ್ ಇವರದೆಲ್ಲ ಟೆಂಡರ್ ಬರುತ್ತಲ್ಲ, ಅದನ್ನು ಹುಡುಕುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಅಪ್ಪ ಕಣದಲ್ಲಿ ರೋಬಸ್ಟಾ ಕಾಫಿ ಕೆದಕುತ್ತಿದ್ದರು. ತಲೆ ಎತ್ತದೆ ಕೇಳಿದರು, "ಅದರ ಬ್ರಾಂಚ್ ಗೋಣಿಕೊಪ್ಪದಲ್ಲಿ ಇದೆಯಾ?"

ನಾನು ನಕ್ಕುಬಿಟ್ಟೆ. ಆ ಪ್ರಶ್ನೆಗೆ ಸರಿಯಾದ ಉತ್ತರ ನನಗೂ ಗೊತ್ತಿರಲಿಲ್ಲ ಎಂದು ತಿಳಿಯಲು ಎರಡು ವರ್ಷ ಬೇಕಾಯಿತು.

ಹೊರಗಿನ ದುಡ್ಡು ಕೊಡಗಿಗೆ ಹೊಸದೇನಲ್ಲ. ನಾನು ಪೊನ್ನಂಪೇಟೆ ಅರಣ್ಯ ಕಾಲೇಜಿನಲ್ಲಿ ಓದುವಾಗ ಕ್ಯಾಫ್‌ನೆಟ್ ಎಂಬ ಯೋಜನೆ ನಡೆಯುತ್ತಿತ್ತು. 2007ರಿಂದ 2011ರವರೆಗೆ. ಯುರೋಪಿಯನ್ ಯೂನಿಯನ್ ದುಡ್ಡು, ಫ್ರಾನ್ಸಿನ ಸಿರಾಡ್ ಸಂಸ್ಥೆಯ ಮುಂದಾಳತ್ವ. ಇಲ್ಲಿ ನಮ್ಮ ಕಾಲೇಜು, ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್ ಎಲ್ಲ ಸೇರಿದ್ದವು. ಕೊಡಗಿನ ತೋಟದ ಜೊತೆಗೆ ಮಧ್ಯ ಅಮೆರಿಕ, ಪೂರ್ವ ಆಫ್ರಿಕಾದ ಕಾಫಿ ತೋಟಗಳನ್ನೂ ಅದೇ ಯೋಜನೆ ನೋಡುತ್ತಿತ್ತು. ಅವರ ಹಿಂದೆ ಟೇಪು ಹಿಡಿದು ಹೋಗಿ ಸಿಲ್ವರ್ ಓಕಿನ ಸುತ್ತಳತೆ ತೆಗೆದಿದ್ದೇನೆ. ಈ ದುಡ್ಡು ಯಾರದು, ಯಾವ ದಾರಿಯಲ್ಲಿ ಬಂತು, ಈ ಕೆಲಸ ಇವರಿಗೇ ಹೇಗೆ ಸಿಕ್ಕಿತು ಎಂದು ಒಂದು ದಿನವೂ ಕೇಳಲಿಲ್ಲ. ಮಧ್ಯಾಹ್ನದ ಊಟ ಎಲ್ಲಿ ಎಂದಷ್ಟೇ ಕೇಳುತ್ತಿದ್ದೆ.

ಮೊದಲು ಮಾಡಿದ್ದು ದಡ್ಡತನ. ಎಲ್ಲ ಸಂಸ್ಥೆಗಳ ಟೆಂಡರನ್ನೂ ಒಂದೇ ಕಡೆ ತೋರಿಸುವ ಒಂದು ಚಂದಾ ಸೈಟಿಗೆ ದುಡ್ಡು ಕಟ್ಟಿದೆ. ಒಳ್ಳೆ ಬ್ರಷ್ ಕಟ್ಟರ್ ಒಂದು ಬರುವಷ್ಟು ದುಡ್ಡು. ದಿನಾ ಬೆಳಿಗ್ಗೆ ನಲವತ್ತು ಐವತ್ತು ಮೇಲ್ ಬರುತ್ತಿತ್ತು. ಮಾಲಾವಿಯಲ್ಲಿ ಸೇತುವೆ, ನೇಪಾಳದಲ್ಲಿ ಟ್ರಾನ್ಸ್‌ಫಾರ್ಮರ್, ಫಿಜಿಯಲ್ಲಿ ಲೆಕ್ಕಪರಿಶೋಧನೆ. ಓದುವುದೇ ಒಂದು ಉದ್ಯೋಗ ಆಯಿತು. ಮೂರು ತಿಂಗಳ ಮೇಲೆ ಗಮನಿಸಿದೆ, ನನಗೆ ಹೊಂದುವಂಥ ಪ್ರತಿಯೊಂದರ ಕೆಳಗೂ ಮೂಲ ಕೊಂಡಿ ಇರುತ್ತಿತ್ತು. ಒತ್ತಿದರೆ ಆಯಾ ಸಂಸ್ಥೆಯ ಪುಟಕ್ಕೆ ಹೋಗುತ್ತದೆ. ಅಲ್ಲಿ ಅದೇ ಕಾಗದ ಪುಕ್ಕಟೆ. ಹುಡುಕಲು ಪುರುಸೊತ್ತಿಲ್ಲದ ದೊಡ್ಡ ಕಂಪನಿಗೆ ಚಂದಾ ಕಟ್ಟುವುದು ಸರಿ ಇರಬಹುದು. ನನ್ನ ಹತ್ತಿರ ಪುರುಸೊತ್ತು ಬಿಟ್ಟು ಬೇರೇನೂ ಇರಲಿಲ್ಲ, ಅಲ್ವಾ?

ಚಂದಾ ಬಿಟ್ಟು ಯುಎನ್‌ಜಿಎಂಗೆ ಹೋದೆ. ಯುಎನ್ ಗ್ಲೋಬಲ್ ಮಾರ್ಕೆಟ್‌ಪ್ಲೇಸ್ ಅದರ ಪೂರ್ತಿ ಹೆಸರು. ವಿಶ್ವಸಂಸ್ಥೆಯ ಬೇರೆ ಬೇರೆ ಅಂಗಗಳು ಟೆಂಡರ್ ಹಾಕುವ ಜಾಗ. ನೋಂದಣಿಗೆ ಕಾಸಿಲ್ಲ. ಕಂಪನಿ, ಎನ್‌ಜಿಒ ಮಾತ್ರ ಅಲ್ಲ, ಒಬ್ಬರೇ ಇರುವ ಕನ್ಸಲ್ಟೆಂಟ್ ಕೂಡ ಸೇರಬಹುದು. ಮೊದಲು ಬೇಸಿಕ್ ಹಂತ, ಆಮೇಲೆ ಲೆವೆಲ್ 1, ಲೆವೆಲ್ 2. ಮೇಲೆ ಹೋದಂತೆ ಕಾಗದ ಪತ್ರ ಜಾಸ್ತಿ. ಶುರುವಿಗೆ ಬೇಸಿಕ್ ಸಾಕು.

ಅಲ್ಲಿ ನಮ್ಮ ಕೆಲಸ ಯಾವ ಬಗೆಯದು ಎಂದು ಕೋಡ್ ಆರಿಸಬೇಕು. ಯುಎನ್‌ಎಸ್‌ಪಿಎಸ್‌ಸಿ ಎಂಬ ಎಂಟು ಅಂಕಿಯ ಪಟ್ಟಿ. ಗುಂಡುಸೂಜಿಯಿಂದ ವಿಮಾನದವರೆಗೆ ಎಲ್ಲಕ್ಕೂ ಒಂದೊಂದು ನಂಬರ್. ನಾನು ಹುಡುಕುವ ಡಬ್ಬಿಯಲ್ಲಿ ಕಾಫಿ ಎಂದು ಹೊಡೆದೆ. 50ರಿಂದ ಶುರುವಾಗುವ ಕೋಡ್ ಬಂತು. ಖುಷಿಯಿಂದ ಟಿಕ್ ಹಾಕಿದೆ. ಆಮೇಲೆ ಆ ಕೋಡಿಟ್ಟು ಹುಡುಕಿದರೆ ಕಣ್ಣಿಗೆ ಬಿದ್ದದ್ದೆಲ್ಲ ಆಫೀಸಿನ ಅಡುಗೆಕೋಣೆಗೆ ಕಾಫಿ ಪುಡಿ, ಟೀ ಪೊಟ್ಟಣ, ಸಕ್ಕರೆ ಪೂರೈಸುವ ಟೆಂಡರ್. 50 ಅಂದರೆ ತಿನ್ನುವ ಕುಡಿಯುವ ಸಾಮಾನು. ನನಗೆ ಬೇಕಿದ್ದದ್ದು 70, ಕೃಷಿ ಮತ್ತು ಅರಣ್ಯದ ಸೇವೆಗಳು. ಜೊತೆಗೆ 77, ಪರಿಸರ ಸೇವೆ. ಸಲಹೆ ಕೊಡುವ ಕೆಲಸಕ್ಕೆ 80. ಇದನ್ನು ತಿಳಿಯಲು ಒಂದು ತಿಂಗಳು ಹೋಯಿತು. ತೋಟದಲ್ಲಿ ಹುಟ್ಟಿದವರ ಕಣ್ಣಿಗೆ ಕಾಫಿ ಅಂದರೆ ಗಿಡ. ಪಟ್ಟಿ ಮಾಡಿದವರಿಗೆ ಅದು ಲೋಟದಲ್ಲಿ ಇರುವಂಥದ್ದು.

ಈ ನಡುವೆ ಒಂದು ಮೇಲ್ ಬಂತು. ವಿಶ್ವಸಂಸ್ಥೆಯ ನೀಲಿ ಲಾಂಛನ, ನನ್ನ ಹೆಸರು, "ನೀವು ಆಯ್ಕೆಯಾಗಿದ್ದೀರಿ, ನೋಂದಣಿ ಶುಲ್ಕ ಕಟ್ಟಿ". ಒಂದು ನಿಮಿಷ ಎದೆ ಹೊಡೆದುಕೊಂಡದ್ದು ನಿಜ. ಅರ್ಜಿಯೇ ಹಾಕದೆ ಆಯ್ಕೆ ಆಗುವುದು ಹೇಗೆ? ವಿಶ್ವಸಂಸ್ಥೆ ಟೆಂಡರಿನ ಯಾವ ಹಂತದಲ್ಲೂ ಶುಲ್ಕ ಕೇಳುವುದಿಲ್ಲ. ಅಳಿಸಿದೆ. ಇಂಥದ್ದು ಇನ್ನೂ ಬರುತ್ತಲೇ ಇದೆ.

ಕಕ್ಕಡ ಹದಿನೆಂಟರ ಕಥೆ ಹೇಳಲೇಬೇಕು. ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಮದ್ದು ಸೊಪ್ಪು ತಿನ್ನುವ ದಿನ. 2023ರ ಆಗಸ್ಟ್ 3. ಜಿನೀವಾದ ಒಂದು ಸಂಸ್ಥೆಗೆ ಕಾಫಿ ತೋಟಗಳ ಮರಗಿಡದ ಬಗ್ಗೆ ಸಣ್ಣ ಅಧ್ಯಯನ ಬೇಕಿತ್ತು. ಕೆಲಸ ನನ್ನದೇ ಅನ್ನುವಷ್ಟು ಹೊಂದುತ್ತಿತ್ತು. ಎರಡು ವಾರ ಕೂತು ಬರೆದಿದ್ದೆ. ಕೊನೆ ಗಡುವು ಅಲ್ಲಿನ ಮಧ್ಯಾಹ್ನ 12. ಜಿನೀವಾ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ ಎಂದು ನನಗೆ ಗೊತ್ತಿತ್ತು. ಅಂದರೆ ನಮ್ಮ ಸಾಯಂಕಾಲ 4.30. ಹೊತ್ತಿದೆ ಬಿಡು ಎಂದುಕೊಂಡೆ.

ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಮಳೆ ಬಿಟ್ಟಿರಲಿಲ್ಲ, ಮರ ಬಿದ್ದು ಎಲ್ಲೋ ಲೈನ್ ಕಿತ್ತುಹೋಗಿತ್ತು. ಅವ್ವ ಮದ್ದು ಸೊಪ್ಪಿನ ಪಾಯಸ ಮಾಡಿದ್ದರು. ಬಟ್ಟಲು ತುಂಬ ಕಡು ನೇರಳೆ. ತಿಂದು, ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕಾರು ತೆಗೆದುಕೊಂಡು ರೇಂಜ್ ಸಿಗುವ ಇಳಿಜಾರಿಗೆ ಹೋದೆ. ಮೊಬೈಲಿನ ಇಂಟರ್ನೆಟ್ ಎರಡು ಕಡ್ಡಿ ತೋರಿಸುತ್ತಿತ್ತು. ಫೈಲ್ ಏರುತ್ತಾ, ನಿಲ್ಲುತ್ತಾ, ಮತ್ತೆ ಏರುತ್ತಾ 4.10ಕ್ಕೆ ಪೂರ್ತಿಯಾಯಿತು. ಕಳಿಸುವ ಗುಂಡಿ ಒತ್ತಲು ಹೋದರೆ ಅದು ಬೂದು ಬಣ್ಣ. ಒತ್ತಿದರೆ ಅಲ್ಲಾಡುತ್ತಿಲ್ಲ. ಗಡುವು ಮುಗಿದಿದೆ ಎಂದು ಮೇಲೆ ಕೆಂಪಕ್ಷರ.

ಯುರೋಪಿನಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆವರೆಗೆ ವ್ಯತ್ಯಾಸ ಮೂರೂವರೆ ಗಂಟೆ. ನಾಲ್ಕೂವರೆ ಏನಿದ್ದರೂ ಚಳಿಗಾಲದ ಲೆಕ್ಕ. ನಮ್ಮ ಮಳೆಗಾಲ ಅವರ ಬೇಸಿಗೆ ಎಂಬುದು ಹೊಳೆದಿರಲಿಲ್ಲ. ಪ್ರಕಟಣೆಯಲ್ಲಿ ಗಂಟೆಯ ಪಕ್ಕದಲ್ಲೇ ಜಿಎಂಟಿ ಪ್ಲಸ್ 2 ಎಂದು ಬರೆದಿತ್ತು. ಮತ್ತೆ ನೋಡಿದೆ, ಸಣ್ಣ ಅಕ್ಷರವೂ ಅಲ್ಲ. ಮನೆಗೆ ಬಂದು ಉಳಿದ ಪಾಯಸವನ್ನೂ ತಿಂದೆ.

ಆಮೇಲಿನ ತಿಂಗಳುಗಳಲ್ಲಿ ವರ್ಲ್ಡ್ ಬ್ಯಾಂಕಿನ ಪುಟಗಳನ್ನು ನಿಧಾನಕ್ಕೆ ಓದಲು ಶುರು ಮಾಡಿದೆ. ಈ ವಿಷಯದಲ್ಲಿ ಯಾರಾದರೂ ನನಗೆ ಮೊದಲೇ ಒಂದು ಮಾತು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುವುದು ಇಲ್ಲೇ. ವರ್ಲ್ಡ್ ಬ್ಯಾಂಕ್ ತನ್ನ ಯೋಜನೆಯ ಕೆಲಸವನ್ನು ತಾನೇ ಕೊಡುವುದಿಲ್ಲ. ಸಾಲ ಕೊಡುತ್ತದೆ. ಸಾಲ ಪಡೆದ ಸರ್ಕಾರದ ಇಲಾಖೆ ಟೆಂಡರ್ ಕರೆಯುತ್ತದೆ, ಅದೇ ಸಹಿ ಹಾಕುತ್ತದೆ, ಅದೇ ದುಡ್ಡು ಕೊಡುತ್ತದೆ. ಬ್ಯಾಂಕು ನಿಯಮ ಹೇಳಿ ಮೇಲಿನಿಂದ ನೋಡುತ್ತಿರುತ್ತದೆ. ಪ್ರಕಟಣೆಯ ಮೊದಲ ಸಾಲಲ್ಲೇ ಇದು ಇರುತ್ತದೆ. ಇಂಥ ಸರ್ಕಾರ ಇಂಥ ಯೋಜನೆಗೆ ವರ್ಲ್ಡ್ ಬ್ಯಾಂಕಿನಿಂದ ಹಣ ಪಡೆದಿದೆ, ಅದರಲ್ಲಿ ಒಂದು ಭಾಗವನ್ನು ಈ ಕೆಲಸಕ್ಕೆ ಖರ್ಚು ಮಾಡಲಿದೆ ಅಂತ. ನಾನು ಆ ಸಾಲನ್ನು ಹಾರಿಸಿ ಓದುತ್ತಿದ್ದೆ. ಎಲ್ಲ ಪ್ರಕಟಣೆಯಲ್ಲೂ ಒಂದೇ ಥರ ಇರುತ್ತದಲ್ಲ ಅಂತ.

ಹಾಗಾದರೆ ನಮ್ಮ ಕಡೆಯ ಬ್ರಾಂಚ್ ವಾಷಿಂಗ್ಟನ್ನಿನಲ್ಲಿ ಇಲ್ಲ. ಬೆಂಗಳೂರಿನ ಯಾವುದೋ ಇಲಾಖೆಯ ಮೂರನೇ ಮಹಡಿಯಲ್ಲಿದೆ. ಅಪ್ಪನಿಗೆ ಹೇಳಿದೆ. "ನಾನು ಅದನ್ನೇ ತಾನೆ ಕೇಳಿದ್ದು" ಅಂದರು.

ಇನ್ನೂ ಒಂದು ಹೆಜ್ಜೆ ಮುಂದಿದೆ. ಕೆಲವು ಯೋಜನೆಗಳ ಟೆಂಡರ್ ವರ್ಲ್ಡ್ ಬ್ಯಾಂಕಿನ ಸೈಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ರಿವಾರ್ಡ್ ಎಂಬ ಜಲಾನಯನ ಕಾರ್ಯಕ್ರಮ ನೋಡಿ. 2021ರ ಡಿಸೆಂಬರಿನಲ್ಲಿ ಮಂಜೂರಾದ 11.5 ಕೋಟಿ ಡಾಲರ್ ಸಾಲ, ಅದರಲ್ಲಿ ಕರ್ನಾಟಕದ ಪಾಲು 6 ಕೋಟಿ, ಉಳಿದದ್ದು ಒಡಿಶಾ ಮತ್ತು ಕೇಂದ್ರಕ್ಕೆ. ಫಲಿತಾಂಶ ತೋರಿಸಿದಂತೆ ದುಡ್ಡು ಬಿಡುಗಡೆಯಾಗುವ ಮಾದರಿ ಅದು. ಇಂಥದ್ದರಲ್ಲಿ ಖರೀದಿ ಎಲ್ಲ ರಾಜ್ಯದ ಸ್ವಂತ ಪದ್ಧತಿಯಲ್ಲಿ ನಡೆಯುತ್ತದೆ. ಅಂದರೆ ರಾಜ್ಯದ ಸರ್ಕಾರಿ ಖರೀದಿಗೆ ಇರುವ 1999ರ ಕೆಟಿಪಿಪಿ ಕಾಯ್ದೆ, ಅಂದರೆ ರಾಜ್ಯದ ಟೆಂಡರ್ ಬರುವ ಕೆಪಿಪಿಪಿ ಪೋರ್ಟಲ್. ನಮ್ಮೂರ ಪಂಚಾಯತಿಯ ರಸ್ತೆಗೆ ಬಿಡ್ ಹಾಕುವ ಕಾಂಟ್ರಾಕ್ಟರುಗಳು ದಿನಾ ನೋಡುವ ಅದೇ ಪೋರ್ಟಲ್! ನಾನು ಫಿಜಿಯ ಟೆಂಡರ್ ಓದುತ್ತಾ ಕೂತಿದ್ದಾಗ, ನಮ್ಮ ತೋಟದ ಚರಂಡಿ ರಿಪೇರಿಗೆ ಬರುವ ಮೇಸ್ತ್ರಿಯ ಅಣ್ಣನಿಗೆ ಈ ಪೋರ್ಟಲ್ ಬಾಯಿಪಾಠ ಆಗಿತ್ತು. ಡಿಎಸ್‌ಸಿ ಎಂಬ ಡಿಜಿಟಲ್ ಸಹಿಯ ಟೋಕನ್ ಮಾಡಿಸುವುದು, ಅದು ಕಂಪ್ಯೂಟರಿಗೆ ಹತ್ತದಿದ್ದರೆ ಏನು ಮಾಡುವುದು, ಇಎಂಡಿ ಎಂಬ ಟೆಂಡರ್ ಠೇವಣಿ ಹೇಗೆ ಕಟ್ಟುವುದು, ಎಲ್ಲ ಅವರಿಂದಲೇ ಕಲಿತೆ. ಫೀಸು ಎರಡು ಕಾಫಿ, ಒಂದು ಪ್ಲೇಟ್ ಕಡುಬು.

ಆದರೆ ಹುಡುಕುವುದು ಗೊತ್ತಾದ ಮಾತ್ರಕ್ಕೆ ಕೆಲಸ ಸಿಗುವುದಿಲ್ಲ. ಐದಾರು ಕಡೆ ಆಸಕ್ತಿ ಪತ್ರ ಕಳಿಸಿದೆ. ಇಒಐ ಅನ್ನುತ್ತಾರಲ್ಲ, ಅದು. ಪ್ರತಿ ಸಲ ಆರು ಪುಟದ ನನ್ನ ಸಿವಿ ಜೊತೆಗೆ. ಒಂದಕ್ಕೂ ಉತ್ತರ ಬರಲಿಲ್ಲ. ಏಳನೆಯದನ್ನು ಬರೆಯುವಾಗ ಪ್ರಕಟಣೆಯನ್ನು ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಓದಿದೆ. ಒಂದು ಸಾಲು ಇತ್ತು. ಶಾರ್ಟ್‌ಲಿಸ್ಟ್ ಮಾಡುವ ಹಂತದಲ್ಲಿ ಮುಖ್ಯ ಪರಿಣತರನ್ನು ಅಳೆಯುವುದಿಲ್ಲ. ಹಿಂದಿನ ಐದಾರನ್ನೂ ತೆಗೆದು ನೋಡಿದೆ. ಎಲ್ಲದರಲ್ಲೂ ಅದೇ ಸಾಲು. ಅಂದರೆ ಆ ಹಂತದಲ್ಲಿ ಅವರು ನೋಡುವುದು ಸಂಸ್ಥೆ ಹಿಂದೆ ಇಂಥ ಕೆಲಸ ಎಷ್ಟು ಮಾಡಿದೆ, ಸಂಭಾಳಿಸುವ ಶಕ್ತಿ ಇದೆಯಾ ಎಂಬುದನ್ನು. ನನ್ನ ಸಿವಿಯನ್ನು ಬಿಚ್ಚಿಯೇ ನೋಡುವುದಿಲ್ಲ. ಒಬ್ಬರನ್ನೇ ತೆಗೆದುಕೊಳ್ಳುವ ಕೆಲಸಗಳು ಬೇರೆ ಇವೆ, ಅಲ್ಲಿ ಸಿವಿ ಸಿವಿ ಹೋಲಿಸಿ ಆರಿಸುತ್ತಾರೆ. ನಾನು ಎರಡನ್ನೂ ಕಲಸಿಬಿಟ್ಟಿದ್ದೆ.

ಯುರೋಪಿಯನ್ ಯೂನಿಯನ್ನಿನ ಬಾಗಿಲೂ ತಟ್ಟಿ ನೋಡಿದೆ. ಅಲ್ಲಿ ಬೇರೆ ತೊಡಕು. ಅವರ ಅಭಿವೃದ್ಧಿ ನೆರವಿನ ಟೆಂಡರಿಗೆ ಹಿಂದುಳಿದ ಮತ್ತು ಬೆಳೆಯುತ್ತಿರುವ ದೇಶಗಳ ಸಂಸ್ಥೆಗಳು ಬರಬಹುದು, ಆದರೆ ಜಿ-20 ಸದಸ್ಯ ದೇಶದವರು ಸಾಮಾನ್ಯವಾಗಿ ಬರುವ ಹಾಗಿಲ್ಲ. ನಾವು ಜಿ-20. ಕೆಲಸ ಭಾರತದಲ್ಲೇ ನಡೆಯುವುದಾದರೆ ಮಾತು ಬೇರೆ. ಅರ್ಹ ಕಂಪನಿಯ ತಂಡದಲ್ಲಿ ಪರಿಣತರಾಗಿ ಸೇರುವವರಿಗೆ ಮಾತ್ರ ಯಾವ ದೇಶದವರು ಎಂಬ ಅಡ್ಡಿ ಇಲ್ಲ. ಅಮೆರಿಕದ್ದಂತೂ ಕೇಳಲೇ ಬೇಡಿ. 2024ರ ಕೊನೆಗೆ ಅವರ ಸರ್ಕಾರಿ ಟೆಂಡರಿನ ಸ್ಯಾಮ್ ಸೈಟಿನಲ್ಲಿ ನೋಂದಣಿಗೆ ಕೂತೆ. ವಿಳಾಸ ಹೊಂದುತ್ತಿಲ್ಲ ಎಂದು ಮೂರು ಸಲ ವಾಪಸ್ ಬಂತು. ಅಂತೂ ನಂಬರ್ ಕೈಗೆ ಬಂದು ಕೆಲವೇ ದಿನಕ್ಕೆ, 2025ರ ಜನವರಿಯಲ್ಲಿ, ವಿದೇಶಿ ನೆರವು ನಿಲ್ಲಿಸಿದರು. 1961ರಲ್ಲಿ ಹುಟ್ಟಿದ ಅವರ ನೆರವಿನ ಸಂಸ್ಥೆ ಯುಎಸ್‌ಏಡ್ ಜುಲೈ 1ಕ್ಕೆ ಬಾಗಿಲು ಹಾಕಿತು. ಆ ನಂಬರ್ ಬರೆದಿಟ್ಟ ಡೈರಿ ಈಗಲೂ ಇದೆ.

ಎಲ್ಲ ದಾರಿಯೂ ಒಂದೇ ಕಡೆ ಕೈ ತೋರಿಸುತ್ತಿತ್ತು. ಯಾರದಾದರೂ ತಂಡಕ್ಕೆ ಸೇರಬೇಕು. ಯಾರ ತಂಡಕ್ಕೆ, ಯಾವಾಗ?

ಇದಕ್ಕೆ ಉತ್ತರ ಸಿಕ್ಕಿದ್ದು ಪ್ರೊಕ್ಯೂರ್‌ಮೆಂಟ್ ಪ್ಲಾನ್ ಎಂಬ ಒಣ ಕಾಗದದಲ್ಲಿ. ವರ್ಲ್ಡ್ ಬ್ಯಾಂಕಿನ ಪ್ರತಿ ಯೋಜನೆಗೂ ಪಿ ಅಕ್ಷರದಿಂದ ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಅದನ್ನು ಹಾಕಿ ಹುಡುಕಿದರೆ ಯೋಜನೆಯ ದಾಖಲೆಗಳೆಲ್ಲ ತೆರೆದುಕೊಳ್ಳುತ್ತವೆ. ಅದರಲ್ಲಿ ಒಂದು ಉದ್ದ ಕೋಷ್ಟಕ. ಮುಂದೆ ಯಾವ ಕೆಲಸಕ್ಕೆ ಟೆಂಡರ್ ಕರೆಯುತ್ತಾರೆ, ಯಾವ ವಿಧಾನದಲ್ಲಿ ಆರಿಸುತ್ತಾರೆ, ಯಾವ ತಿಂಗಳು ಅಂದಾಜು. ಪ್ರಕಟಣೆ ಬರುವುದಕ್ಕೆ ತಿಂಗಳುಗಟ್ಟಲೆ ಮೊದಲೇ ಇದೆಲ್ಲ ಅಲ್ಲಿ ಬಿದ್ದಿರುತ್ತದೆ. ನಾನು ಇಷ್ಟು ದಿನ ಸಂತೆ ಮುಗಿಯುವ ಹೊತ್ತಿಗೆ ಚೀಲ ಹಿಡಿದು ಹೋಗುತ್ತಿದ್ದೆ. ಪ್ರಕಟಣೆ ಕಂಡ ದಿನ ಓಡಾಡಿದರೆ ಯಾವ ಕಂಪನಿಯೂ ಜೊತೆಗೆ ಸೇರಿಸಿಕೊಳ್ಳುವುದಿಲ್ಲ. ಅವರ ತಂಡ ಆಗಲೇ ಆಗಿರುತ್ತದೆ.

ರಾಜ್ಯದ ಒಂದು ಯೋಜನೆಯ ಪಟ್ಟಿಯಲ್ಲಿ ಸಾಮಾಜಿಕ ಅಧ್ಯಯನ ಎಂಬ ಸಾಲು ಕಂಡಿತು. ಕೊಡಗು, ಹುಣಸೂರು, ಎಚ್.ಡಿ. ಕೋಟೆ. ವರ್ಲ್ಡ್ ಬ್ಯಾಂಕಿನ ಪರಿಸರ ಮತ್ತು ಸಾಮಾಜಿಕ ನಿಯಮಗಳಲ್ಲಿ ಏಳನೆಯದು ಆದಿವಾಸಿ ಸಮುದಾಯಗಳ ಬಗ್ಗೆ ಇದೆ. ಯೋಜನೆ ಅವರ ನೆಲಕ್ಕೆ, ಬದುಕಿಗೆ ತಾಗುವುದಾದರೆ ಅವರ ಜೊತೆ ಕೂತು ಮಾತಾಡಿರಬೇಕು, ಅದು ದಾಖಲೆಯಲ್ಲಿ ಇರಬೇಕು. ಈ ಭಾಗ ಎಂದರೆ ಜೇನುಕುರುಬರು, ಬೆಟ್ಟಕುರುಬರು, ಯರವರು. ಬೆಂಗಳೂರಿನ ಯಾವ ಕಂಪನಿ ಗೆದ್ದರೂ ಹಾಡಿಯ ದಾರಿ ಗೊತ್ತಿರುವ ಒಬ್ಬರು ಅವರಿಗೆ ಬೇಕೇ ಬೇಕು.

ವರ್ಲ್ಡ್ ಬ್ಯಾಂಕಿನ ಸೈಟಿನಲ್ಲಿ ಹಿಂದೆ ಯಾರಿಗೆ ಯಾವ ಕೆಲಸ ಸಿಕ್ಕಿತು ಎಂಬುದೂ ಇರುತ್ತದೆ. ಇಂಥ ಅಧ್ಯಯನ ಮಾಡಿದ ನಾಲ್ಕು ಕಂಪನಿಗಳ ಹೆಸರು ಬರೆದುಕೊಂಡೆ. ನಾಲ್ವರಿಗೂ ಒಂದು ಪುಟದ ಪತ್ರ. ಸಿವಿ ಇಲ್ಲ. ನಾನು ಯಾವ ಯಾವ ಹಾಡಿಯಲ್ಲಿ ಯಾವ ವರ್ಷ ಏನು ಕೆಲಸ ಮಾಡಿದ್ದೇನೆ ಅಷ್ಟೇ. ಮೂರು ವಾರಕ್ಕೆ ಒಬ್ಬರು ಫೋನ್ ಮಾಡಿದರು. ತಂಡದ ಮುಖ್ಯಸ್ಥೆ, ಮಾತು ಚುರುಕು.

"ನಿಮಗೆ ಯರವ ಭಾಷೆ ಬರುತ್ತಾ?"

"ಅರ್ಥ ಆಗುತ್ತೆ ಮೇಡಂ. ಮಾತಾಡೋದು ಅಷ್ಟಕ್ಕಷ್ಟೇ. ಜೇನುಕುರುಬರ ಮಾತು ಚೆನ್ನಾಗಿ ಬರುತ್ತೆ."

"ಪರವಾಗಿಲ್ಲ, ಸುಳ್ಳು ಹೇಳಲಿಲ್ಲ ನೀವು. ಹೋದ ಸಲ ಒಬ್ಬರು ಎಲ್ಲ ಬರುತ್ತೆ ಅಂತ ಹೇಳಿ ಅಲ್ಲಿ ಹೋಗಿ ಸುಮ್ನೆ ನಿಂತುಬಿಟ್ಟರು."

ಅವರು ಶಾರ್ಟ್‌ಲಿಸ್ಟ್ ಆದರು. ಆಮೇಲೆ ಬಂದದ್ದು ಪೂರ್ತಿ ಪ್ರಸ್ತಾವನೆ ಕೇಳುವ ಕಾಗದ, ಆರ್‌ಎಫ್‌ಪಿ. ಈ ಹಂತದಲ್ಲಿ ಜನರನ್ನು ಅಳೆಯುತ್ತಾರೆ. ಸಿವಿಯನ್ನು ಅವರದೇ ಟೆಕ್-6 ಎಂಬ ನಮೂನೆಯಲ್ಲಿ ಬರೆಯಬೇಕು. ಎಡಗಡೆ ಈ ಕೆಲಸದಲ್ಲಿ ನಿಮ್ಮ ಪಾಲು, ಬಲಗಡೆ ಅದನ್ನು ಮಾಡಬಲ್ಲಿರಿ ಎನ್ನಲು ಹಿಂದಿನ ಯಾವ ಕೆಲಸ ಸಾಕ್ಷಿ. ನನ್ನ ಹಳೆ ಸಿವಿಯಲ್ಲಿ "ಆದಿವಾಸಿ ಸಮುದಾಯಗಳೊಂದಿಗೆ ವ್ಯಾಪಕ ಅನುಭವ" ಎಂದಿತ್ತು. ಮೇಡಂ ಅದನ್ನು ಕೆಂಪು ಗೆರೆ ಹಾಕಿ ವಾಪಸ್ ಕಳಿಸಿದರು. ಎಷ್ಟು ಹಾಡಿ? ಎಷ್ಟು ಮನೆ? ಎಷ್ಟು ದಿನ? ಸಭೆಗೆ ಹೆಂಗಸರು ಬಂದಿದ್ದರಾ? ಹಳೆ ಡೈರಿಗಳನ್ನು ಅಟ್ಟದಿಂದ ಇಳಿಸಿ ಎರಡು ರಾತ್ರಿ ಎಣಿಸಿದೆ. 23 ಹಾಡಿ ಎಂದು ಬರೆದಾಗ ನನಗೇ ಆಶ್ಚರ್ಯ. ಗುಣಮಟ್ಟಕ್ಕೆ 80 ಅಂಕ, ದರಕ್ಕೆ 20. ಹಾಗಾಗಿ ದರ ಇಳಿಸುವುದಕ್ಕಿಂತ ಈ ಎಣಿಕೆಯೇ ಮುಖ್ಯ ಎಂದು ಅವರು ಹೇಳಿದ್ದರು.

ಕೆಲಸ ಸಿಕ್ಕಿತು. 46 ದಿನದ ಫೀಲ್ಡ್ ಕೆಲಸ. ನನ್ನ ಒಪ್ಪಂದ ಕಂಪನಿಯ ಜೊತೆ, ಕಂಪನಿಯದು ಇಲಾಖೆಯ ಜೊತೆ, ಇಲಾಖೆಯದು ಬ್ಯಾಂಕಿನ ಜೊತೆ. ದುಡ್ಡೂ ಅದೇ ಮೆಟ್ಟಿಲು ಇಳಿದು ಬರಬೇಕು. ಮೊದಲ ಕಂತು ಕೈಗೆ ಬರುವಾಗ ಐದು ತಿಂಗಳಾಗಿತ್ತು. ಜೀಪಿಗೆ ಡೀಸೆಲ್, ಸಭೆಗೆ ಬಂದವರ ಊಟ, ಎರಡು ಹುಡುಗರ ಸಂಬಳ, ಎಲ್ಲ ಕರಿಮೆಣಸು ಮಾರಿದ ದುಡ್ಡಿನಲ್ಲಿ ನಡೆಯಿತು. ಈ ಕೆಲಸಕ್ಕೆ ಇಳಿಯುವವರು ಐದಾರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಇಳಿಯಿರಿ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ, ಬೇಕಾ ಎಂದು ತುಂಬ ಜನ ಕೇಳುತ್ತಾರೆ. ಮಾಡಿದ ಕೆಲಸಕ್ಕೆ ಪಡೆಯುವ ಶುಲ್ಕ ದೇಣಿಗೆ ಅಲ್ಲ, ಹಾಗಾಗಿ ಅದು ಆ ಕಾಯ್ದೆಯೊಳಗೆ ಬರುವುದಿಲ್ಲ. ಜಿಎಸ್‌ಟಿ ಲೆಕ್ಕ ಮಾತ್ರ ಆಡಿಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ.

ಮೊದಲ ಸಭೆ ನಾಗರಹೊಳೆ ಅಂಚಿನ ಒಂದು ಹಾಡಿಯಲ್ಲಿ. ನಾನು ಹನ್ನೆರಡು ವರ್ಷದ ಹಿಂದೆ ಸರ್ವೆಗೆ ಹೋಗಿದ್ದ ಜಾಗ. ಯಜಮಾನರು ಗುರುತು ಹಿಡಿದರು. ಚಾಪೆ ಹಾಕಿಸಿ, ಎಲೆ ಅಡಿಕೆ ಕೊಟ್ಟು, ನಾನು ಚೀಲದಿಂದ ಫಾರಂ ತೆಗೆಯುವ ಮೊದಲೇ ಕೇಳಿದರು, "ಆವತ್ತು ಬರೆದುಕೊಂಡು ಹೋದದ್ದು ಏನಾಯ್ತು?" ಉತ್ತರ ಇರಲಿಲ್ಲ. ಆ ವರದಿ ಎಲ್ಲಿದೆ ಎಂದು ನನಗೂ ತಿಳಿಯದು. ಇದನ್ನು ಈ ಸಲದ ವರದಿಯ ಮೊದಲ ಪುಟದಲ್ಲೇ ಬರೆದೆವು. ಮೇಡಂ ತೆಗೆಯಲಿಲ್ಲ.

ಈಗ ಮತ್ತೊಂದು ಯೋಜನೆಯ ಪಟ್ಟಿ ಗೋಡೆಯಲ್ಲಿದೆ, ಕಾಫಿ ಬೋರ್ಡಿನ ಕ್ಯಾಲೆಂಡರ್ ಪಕ್ಕ. ಮೂರು ಸಾಲಿಗೆ ಹಳದಿ ಬಳಿದಿದ್ದೇನೆ. ಅದರಲ್ಲಿ ಒಂದಕ್ಕೆ ಮುಂದಿನ ಮಂಗಳವಾರ ಕೊನೆ ದಿನ, ಭಾರತದ ಸಮಯ ಮಧ್ಯಾಹ್ನ 3. ಯುಪಿಎಸ್ ಬ್ಯಾಟರಿ ಕೈಕೊಟ್ಟಿದೆ. ನಾಳೆ ಗೋಣಿಕೊಪ್ಪಕ್ಕೆ ಹೋಗಿ ಬದಲಿಸಿಕೊಂಡು ಬರಬೇಕು.